ಎಡಬದಿಯ ಹಿಂದಿನ ಬಾಗಿಲು

ಮೂಳೂರಿನ ಭುಜಂಗಣ್ಣನ ಕಾರಿನಲ್ಲಿ ಎಡಬದಿಯ ಹಿಂದಿನ ಬಾಗಿಲ ಹತ್ತಿರ ಯಾರು ಕೂತರೂ ಅವರಿಗೆ ಮೊದಲು ಒಂದು ಪಾಠ ಆಗುತ್ತಿತ್ತು. "ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯಿರಿ. ಮತ್ತೆ ಆ ಹಿಡಿಯನ್ನು ಬಿಡಬೇಡಿ, ಆಯ್ತಾ?" ಲಾಕು ಸವೆದಿತ್ತು. ಕಾರು ಬಲಕ್ಕೆ ಜೋರಾಗಿ ತಿರುಗಿದರೆ ಆ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ಭುಜಂಗಣ್ಣನ ಹೆಂಡತಿ ಮೋಹಿನಿ ಹೆಚ್ಚಾಗಿ ಅಲ್ಲೇ ಕೂರುವವಳು. ತಿರುವು ಬರುವ ಮೊದಲೇ ಅವಳ ಎಡಗೈ ಹಿಡಿಯ ಮೇಲಿರುತ್ತಿತ್ತು. ಅವಳು ತೂಕಡಿಸುತ್ತಿದ್ದರೂ ಕೈ ಮಾತ್ರ ಎಚ್ಚರವಾಗಿರುತ್ತಿತ್ತು. ಅದೊಂದು ತೊಂದರೆ ಎಂದು ಮನೆಯಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ.

ಭುಜಂಗಣ್ಣನ ತೆಂಗಿನಕಾಯಿ ವ್ಯಾಪಾರ ಬೆಳೆಯಿತು. ಕಾಯಿ ಸಾಗಿಸಲು ಟೆಂಪೋ ಬೇಕಾಯಿತು. ಕಾರು ಮಾರುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಅದೇ ವಾರ ಶಿರ್ವದ ಪಾಸ್ಕಲ್ ಬಂದ. ಭುಜಂಗಣ್ಣನ ಶಾಲೆಯ ಗೆಳೆಯ, ಬಹರೈನಿನಲ್ಲಿ ಒಂದು ಕಂಪನಿಯ ಗಾಡಿಗಳನ್ನು ನೋಡಿಕೊಳ್ಳುವವನು, ರಜೆಯಲ್ಲಿ ಊರಿಗೆ ಬಂದಿದ್ದ. ಕಾರಿಗೆ ಒಂದು ಸುತ್ತು ಹಾಕಿ, ಆ ಬಾಗಿಲನ್ನು ಎಳೆದು ನೋಡಿ ಹುಬ್ಬು ಗಂಟಿಕ್ಕಿದ.

"ಭುಜಂಗ, ಇದನ್ನು ಸರಿ ಮಾಡಿಸದೆ ಮಾರಬೇಡ."

"ಮಾರುವ ಕಾರಿಗೆ ಎಂತ ರಿಪೇರಿ ಮಾರಾಯ? ಹಾಕಿದ ದುಡ್ಡು ವಾಪಸ್ ಬರ್ತದಾ?"

"ಎಲ್ಲ ರಿಪೇರಿ ಮಾಡಿಸು ಅಂತ ನಾನು ಹೇಳುವುದಿಲ್ಲ. ಬಂಪರಿನ ಗೀರು, ಸೀಟಿನ ಹರಕು, ಇವಕ್ಕೆ ಹಾಕಿದ್ದು ಬರುವುದಿಲ್ಲ. ಇದ್ದದ್ದನ್ನು ತೋರಿಸಿ ಹೇಳು, ಸಾಕು. ಆದರೆ ಬಾಗಿಲು, ಬ್ರೇಕು, ದೀಪ, ವೈಪರು, ಹಾರ್ನು ಜೀವಕ್ಕೆ ಸಂಬಂಧಪಟ್ಟದ್ದು. ಎಷ್ಟು ಸಣ್ಣ ದೋಷ ಇದ್ದರೂ ಸರಿ ಮಾಡಿಯೇ ಕೊಡಬೇಕು."

"ಇಷ್ಟು ವರ್ಷ ಆಯ್ತು, ಒಬ್ಬರಾದರೂ ಬಿದ್ದದ್ದುಂಟಾ?"

"ನಿಮಗೆ ಗೊತ್ತುಂಟು, ಹಿಡಿದುಕೊಳ್ತೀರಿ. ತಗೊಂಡವರಿಗೆ ಹೇಗೆ ಗೊತ್ತಾಗಬೇಕು?"

"ನಾನು ಹೇಳ್ತೇನೆ ಅಲ್ವಾ!" ಎಂದು ಭುಜಂಗಣ್ಣ ನಕ್ಕುಬಿಟ್ಟ.

ಮೋಹಿನಿಯೂ ಗಂಡನ ಪಕ್ಷವನ್ನೇ ಹಿಡಿದಳು. ಬಂದವರು ಮೊದಲು ನೋಡುವುದು ಸೀಟನ್ನೋ ಲಾಕನ್ನೋ ಎಂಬುದು ಅವಳ ಪ್ರಶ್ನೆ. ಅವಳೇ ಆರಿಸಿದ ಕೆಂಪು ಸೀಟ್ ಕವರು ಬಂತು. ಬಂಪರಿನ ಗೀರಿನ ಮೇಲೆ ಬಣ್ಣ ಬಿತ್ತು. ಕಾರು ಮದುವೆ ದಿಬ್ಬಣಕ್ಕೆ ಹೊರಟಂತೆ ಮಿರಿಮಿರಿ ಮಿಂಚಿತು. ಲಾಕು ಮಾತ್ರ ಹಾಗೆಯೇ ಉಳಿಯಿತು.

ಭಾನುವಾರ ಮಣಿಪಾಲದಿಂದ ಕಾಲೇಜು ಮಾಸ್ತರರಾದ ಹಯಗ್ರೀವರು ಕಾರು ನೋಡಲು ಬಂದರು. ಜೊತೆಗೆ ಹೆಂಡತಿ ರಮಾಮಣಿ, ನಾಲ್ಕು ವರ್ಷದ ಮಗಳು ಸುಭಾಷಿಣಿ. ಎಲ್ಲರಿಗೂ ಕಾರು ಹಿಡಿಸಿತು. ಒಮ್ಮೆ ಓಡಿಸಿ ನೋಡುವುದೆಂದಾಯಿತು. ಹಯಗ್ರೀವರು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಭುಜಂಗಣ್ಣ ಕೂತ. ಹಿಂದಿನ ಸೀಟಿನ ಬಲಗಡೆ ರಮಾಮಣಿ, ನಡುವೆ ಮೋಹಿನಿ. ಮಗು ಕಾಪುವಿನ ದೀಪಸ್ತಂಭ ನೋಡಬೇಕೆಂದು ಹಟ ಹಿಡಿದು ಎಡಗಡೆಯ ಕಿಟಕಿಗೆ ಮುಖ ಒತ್ತಿ ಮೊಣಕಾಲೂರಿ ಕೂತಿತು.

ಮೋಹಿನಿಗೆ ಒಳಗೊಳಗೇ ಕಸಿವಿಸಿಯಾಯಿತು. "ಮಗೂ, ಆ ಬಾಗಿಲು..." ಎಂದು ಬಾಯಿ ತೆರೆದಳು. ಭುಜಂಗಣ್ಣ ಹಿಂದೆ ತಿರುಗಿ, ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ. ಬೆಲೆ ನಿಶ್ಚಯವಾದ ಮೇಲೆ ಹೇಳಿದರಾಯಿತು ಎಂದು ಅದರ ಅರ್ಥ. ಅವಳು ಮಾತು ನುಂಗಿಕೊಂಡಳು.

ಕಾಪು ಪೇಟೆ ಬಂತು. "ಶಿರ್ವದ ರಸ್ತೆಗೆ ತಿರುಗಿಸಿ ಮಾಸ್ಟ್ರೇ, ಅಲ್ಲಿ ಗಾಡಿ ಕಡಿಮೆ" ಎಂದ ಭುಜಂಗಣ್ಣ. ಎದುರಿನಿಂದ ಲಾರಿ ಬರುತ್ತಿತ್ತು. ಅದು ಹತ್ತಿರವಾಗುವ ಮೊದಲೇ ದಾಟಿಬಿಡಬೇಕೆಂದು ಹಯಗ್ರೀವರು ಕಾರನ್ನು ಗಕ್ಕನೆ ಬಲಕ್ಕೆ ತಿರುಗಿಸಿದರು.

ಬಾಗಿಲು ಪೂರ್ತಿ ತೆರೆದುಕೊಂಡಿತು.

ಒಳಗೆ ರಪ್ಪನೆ ಗಾಳಿ ಹೊಡೆಯಿತು. ಮಗು ಇದ್ದ ಜಾಗದಲ್ಲಿ ಮೋಹಿನಿಗೆ ಓಡುವ ಡಾಂಬರು ರಸ್ತೆ ಕಂಡಿತು. ಅವಳು ಯೋಚಿಸಿ ಮಾಡಿದ್ದೇನೂ ಇಲ್ಲ. ವರ್ಷಗಟ್ಟಲೆ ಬಾಗಿಲಿನ ಹಿಡಿಗೆ ಹೋಗಿ ರೂಢಿಯಾಗಿದ್ದ ಎಡಗೈ ಆ ದಿನವೂ ತನ್ನಷ್ಟಕ್ಕೇ ಹೋಯಿತು. ಹಿಡಿ ಸಿಗಲಿಲ್ಲ. ಮಗುವಿನ ಫ್ರಾಕು ಸಿಕ್ಕಿತು. ಹೊಲಿಗೆ ಪರ್ರನೆ ಹರಿಯಿತು. ಆದರೂ ಅವಳು ಬಿಡಲಿಲ್ಲ. ಹಿಂದೆ ಬರುತ್ತಿದ್ದ ಬಸ್ಸು ಕಿರ್ರನೆ ಬ್ರೇಕು ಹಾಕಿ ನಿಂತ ಸದ್ದಿಗೆ ಪೇಟೆಯವರೆಲ್ಲ ತಿರುಗಿ ನೋಡಿದರು.

ಕಾರು ನಿಂತಿತು. ರಮಾಮಣಿ ಮಗಳನ್ನು ಬಾಚಿ ಎದೆಗವಚಿಕೊಂಡ ಮೇಲೆಯೇ ಮಗು ಅತ್ತದ್ದು. ಮೋಹಿನಿಗೆ ಮುಷ್ಟಿ ಬಿಡಿಸಲು ಬರುತ್ತಿರಲಿಲ್ಲ. ಅದರೊಳಗೆ ಫ್ರಾಕಿನ ಲೇಸಿನ ಚೂರೊಂದು ಉಳಿದಿತ್ತು.

"ಈ ಬಾಗಿಲು ಮೊದಲೂ ಹೀಗೆ ತೆರೆಯುತ್ತಿತ್ತಾ?" ಎಂದು ಕೇಳಿದರು ಹಯಗ್ರೀವರು.

ಭುಜಂಗಣ್ಣ ಇಳಿದು, ತೆರೆದ ಬಾಗಿಲನ್ನು ಎತ್ತಿ ಎಳೆದು ಹಾಕಿದ.

"ತೆರೆಯುತ್ತಿತ್ತು," ಎಂದಳು ಮೋಹಿನಿ.

"ಗೊತ್ತಿತ್ತಾ?" ರಮಾಮಣಿ ಕಿರುಚಿದರು. "ಗೊತ್ತಿದ್ದೂ ನನ್ನ ಮಗಳನ್ನು ಅಲ್ಲಿ ಕೂರಿಸಿದಿರಾ? ನೀವು ಮನುಷ್ಯರಾ?"

ಮೋಹಿನಿಗೆ ಮಗುವನ್ನು ಉಳಿಸಿದೆ ಎಂಬ ಸಮಾಧಾನ ಒಂದು ಚೂರೂ ಬರಲಿಲ್ಲ. ಅಲ್ಲಿ ಕೂರಲು ಬಿಟ್ಟದ್ದೂ ತಾನೇ ಅಲ್ಲವೇ?

ಹಯಗ್ರೀವರು ಕಾರಿನ ಕೀಯನ್ನು ಭುಜಂಗಣ್ಣನ ಕೈಗೆ ಕೊಟ್ಟರು. "ಕಾರು ತಗೊಳ್ಳುವುದು ಅಂತಲೇ ಮನೆಯಿಂದ ಹೊರಟು ಬಂದದ್ದು ನಾವು. ಬಾಗಿಲು ಹಾಳಾಗಿದೆ ಅಂತ ಒಂದು ಮಾತು ಹೇಳಿದ್ದರೆ ನಾನೇ ಸರಿ ಮಾಡಿಸಿಕೊಳ್ಳುತ್ತಿದ್ದೆ. ಇನ್ನು ಬ್ರೇಕು ಚೆನ್ನಾಗುಂಟು ಅಂತ ನೀವು ಹೇಳಿದರೆ ಅದನ್ನು ನಾನು ಹೇಗೆ ನಂಬುವುದು?" ಎಂದರು. ಮೂವರೂ ಉಡುಪಿಯ ಬಸ್ಸು ಹತ್ತಿ ಹೋದರು.

ಮನೆಗೆ ಬಂದ ಮೇಲೆ ಭುಜಂಗಣ್ಣ ಅಂಗಿ ಸಹ ಕಳಚದೆ ಜಗಲಿಯಲ್ಲಿ ಕೂತ. ಊಟಕ್ಕೆ ಕರೆದರೆ ಏಳಲಿಲ್ಲ. "ನೀನು ಹೇಳಲಿಕ್ಕೆ ಹೊರಟಿದ್ದಿ. ನಾನೇ ಬಾಯಿ ಮುಚ್ಚಿಸಿದ್ದು" ಎಂದ.

"ನೀವು ಕಣ್ಸನ್ನೆ ಮಾಡಿದಿರಿ ಅಂತ ನಾನು ಸುಮ್ಮನಿದ್ದೆ ಅಲ್ವಾ? ನನಗೆ ಬಾಯಿ ಇರಲಿಲ್ವಾ?" ಎಂದಳು ಮೋಹಿನಿ. "ಲಾಕು ಹಾಕಿಸುವವರೆಗೆ ನಾನು ಆ ಕಾರಿಗೆ ಹತ್ತುವುದಿಲ್ಲ. ಬೇರೆಯವರನ್ನು ಹತ್ತಿಸಲಿಕ್ಕೂ ಬಿಡುವುದಿಲ್ಲ."

ಮರುದಿನ ಪಾಸ್ಕಲನನ್ನು ಕರೆದುಕೊಂಡು ಭುಜಂಗಣ್ಣ ಉದ್ಯಾವರದ ಒಂದು ಗ್ಯಾರೇಜಿಗೆ ಹೋದ. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಹೊಸ ಲಾಕು ಕೂತಾಗಿತ್ತು. ಭುಜಂಗಣ್ಣ ಬಾಗಿಲು ಹಾಕಿ ತೆಗೆದು ನೋಡಿ ದಂಗಾಗಿ ನಿಂತ.

"ಇಷ್ಟೇ ಕೆಲಸವಾ ಮಾರಾಯ? ಇಷ್ಟಕ್ಕೆ ಒಂದು ಮಗು..." ಅವನು ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿದ.

"ನಿಮಗೆ ರೂಢಿಯಾದದ್ದು ನಿಮಗೆ ಕಾಣುವುದಿಲ್ಲ," ಎಂದ ಪಾಸ್ಕಲ್. "ಈ ಕಾರನ್ನು ಒಮ್ಮೆಯೂ ಮುಟ್ಟದವರ ಕೈಗೆ ಕೊಟ್ಟು ನೋಡು. ನೀನು ಬಾಯಿ ಹಾಕಬೇಡ."

ನೆರೆಮನೆಯ ಶೀನ ಲಾರಿ ಓಡಿಸುವವನು. ಅವನು ಬಂದು ಖಾಲಿ ಗದ್ದೆಯ ಬದಿಯಲ್ಲಿ ನಿಧಾನವಾಗಿ ಓಡಿಸಿ ನೋಡಿದ. ಹಾರ್ನು ಒತ್ತಿದರೆ ಸದ್ದೇ ಇಲ್ಲ. "ಅದರ ಎಡಮೂಲೆಗೆ ಒತ್ತಬೇಕು..." ಎನ್ನಲು ಹೊರಟ ಭುಜಂಗಣ್ಣ ನಾಲಿಗೆ ಕಚ್ಚಿಕೊಂಡ. ಮೋಹಿನಿ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಈ ಹಾರ್ನು ಗಂಡ ಒಬ್ಬನಿಗೇ ಕೂಗುತ್ತಿತ್ತು ಎಂದು ಅವಳಿಗೂ ಗೊತ್ತಿರಲಿಲ್ಲ! ಅದೂ ರಿಪೇರಿಯಾಯಿತು. ಹಿಂದಿನ ಒಂದು ದೀಪ ಉರಿಯುತ್ತಿರಲಿಲ್ಲ, ಅದಕ್ಕೂ ಬಲ್ಬು ಬಂತು.

ಮುಂದಿನ ತಿಂಗಳು ಕಾರ್ಕಳದ ದಾಮೋದರ ಎಂಬವರು ಕಾರು ನೋಡಲು ಬಂದರು. ಈ ಸಲ ಭುಜಂಗಣ್ಣನೇ ಮುಂದೆ ನಿಂತು ಹೇಳಿದ. "ಇಲ್ಲಿ ಗೀರಿತ್ತು, ಬಣ್ಣ ಹಚ್ಚಿದ್ದೇನೆ. ಕವರಿನ ಅಡಿಯಲ್ಲಿ ಸೀಟು ಹರಿದಿದೆ. ಜೋರು ಮಳೆಗೆ ಡಿಕ್ಕಿಯೊಳಗೆ ನೀರು ಒಸರುತ್ತದೆ. ಅದನ್ನು ನಾನು ಸರಿ ಮಾಡಿಸಲಿಲ್ಲ. ಬಾಗಿಲಿನ ಲಾಕು, ಹಾರ್ನು, ದೀಪ ಸರಿ ಮಾಡಿಸಿದ್ದೇನೆ."

ದಾಮೋದರರು ನಕ್ಕರು. "ಎಲ್ಲ ನೀವೇ ಹೇಳಿದರೆ ಇನ್ನು ನಾನು ಎಂತ ಹುಡುಕುವುದು?" ಸ್ವಲ್ಪ ಚೌಕಾಸಿ ಮಾಡಿ ತೆಗೆದುಕೊಂಡರು.

ಕಾರು ಹೊರಡುವಾಗ ಅವರ ಮುದಿತಾಯಿ ಹಿಂದಿನ ಸೀಟಿನಲ್ಲಿ ಎಡಗಡೆ ಕೂತರು. ಮೋಹಿನಿ ಹತ್ತಿರ ಹೋಗಿ ಬಾಗಿಲು ಹಾಕಿ, ಹೊರಗಿನಿಂದ ಎಳೆದು ನೋಡಿದಳು. ಬಿಗಿಯಾಗಿತ್ತು. ಕಾರು ಗೇಟು ದಾಟಿ ಬಲಕ್ಕೆ ತಿರುಗಿತು. ಅಂಗಳದಲ್ಲಿ ನಿಂತಿದ್ದ ಮೋಹಿನಿಯ ಎಡಗೈ ಬರಿಗಾಳಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಾರನ್ನೋ ಸ್ಕೂಟರನ್ನೋ ಮಾರುವ ಯೋಚನೆ ಉಂಟಾ? ಅದನ್ನು ಬಳಸಿ ಗೊತ್ತಿಲ್ಲದವರ ಕೈಗೆ ಕೊಟ್ಟು, ಬಯಲಿನಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಸಿ. ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿ. ಜೀವಕ್ಕೆ ಸಂಬಂಧಪಟ್ಟದ್ದನ್ನು ಸರಿ ಮಾಡಿಸಿ, ಉಳಿದದ್ದನ್ನು ಬಾಯಿ ಬಿಟ್ಟು ಹೇಳಿ. ನಾಳೆ ಹೇಳುವ ಎಂದು ಇಟ್ಟುಕೊಳ್ಳಬೇಡಿ. ನೀವು ಮಾರಿದ ಕಾರು ಯಾವುದೋ ಊರಿನ ತಿರುವಿನಲ್ಲಿ ಬಲಕ್ಕೆ ತಿರುಗುವಾಗ, ಆ ಸೀಟಿನ ನಡುವೆ ಮೋಹಿನಿಯಕ್ಕ ಕೂತಿರುವುದಿಲ್ಲ.