ಗೋಡೆಗೊಂದು ಗೇಟು

ಓಣಿಯವರು ಅವನನ್ನು ಕರೆಯುತ್ತಿದ್ದುದೇ ‘ಭಾಷಣ’ ಎಂದು. ಬೆನ್ನ ಹಿಂದೆ ಅಲ್ಲ, ಮುಖದೆದುರಿಗೇ. ಅವನು ಅದನ್ನು ಬಿರುದೆಂದು ತಿಳಿದು ಓಗೊಡುತ್ತಿದ್ದ. ನೂಲಿನ ಗಿರಣಿ ಮುಚ್ಚಿದ ಮೇಲೆ ಓಣಿಯಲ್ಲಿ ನಿಲ್ಲದೆ ನಡೆಯುತ್ತಿರುವ ಉದ್ಯಮವೆಂದರೆ ತನ್ನ ಬಾಯಿಯೊಂದೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಅದಕ್ಕೂ ಗಿರಾಕಿಗಳಿಲ್ಲ ಎಂಬುದು ಮಾತ್ರ ತಡವಾಗಿ ಹೊಳೆಯಿತು.

ಅವನ ವಾಸ ಅಕ್ಕನ ಹೊಲಿಗೆ ಅಂಗಡಿಯ ಅಟ್ಟದ ಮೇಲೆ. ಗಿರಣಿಯವರ ಸಮವಸ್ತ್ರ ಹೊಲಿದೇ ಅಕ್ಕ ತಮ್ಮನನ್ನು ಓದಿಸಿದ್ದಳು. ಈಗ ಸಮವಸ್ತ್ರ ತೊಡುವವರೇ ಇಲ್ಲ. ಶಟರ್ ಅರ್ಧ ಎಳೆದುಕೊಂಡು, ಹಳೇ ದಿಂಬಿನ ಚೀಲಗಳಿಗೆ ತೇಪೆ ಹಾಕುತ್ತ ಕೂತಿರುತ್ತಿದ್ದಳು. ಹೀಗೇ ಆದರೆ ಮೆಷಿನ್ ಮಾರಿ ಊರಾಚೆಯ ಗಾರ್ಮೆಂಟ್ಸ್ ಶೆಡ್ಡಿಗೆ ಸೇರಿಬಿಡುತ್ತೇನೆ ಅಂದಿದ್ದಳು. ಅಲ್ಲಿ ಬಚ್ಚಲಿಗೆ ಹೋಗಬೇಕಾದರೂ ಸೂಪರ್‌ವೈಸರ್‌ನ ಅಪ್ಪಣೆ ಬೇಕು. ಅಪ್ಪಣೆಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ.

ಗಿರಣಿ ಕೆಡವಿದ ಜಾಗದಲ್ಲಿ ಸ್ಟೇಡಿಯಂ ಬರುತ್ತದೆ ಎಂದಾಗ ಭಾಷಣ ಬೆಂಕಿಯಾದ. ಹಸಿದ ಹೊಟ್ಟೆಗೆ ಚೆಂಡು ತಿನ್ನಿಸುತ್ತೀರಾ ಎಂದು ಕರಪತ್ರ ಬರೆದ. ಓಣಿಯವರು ಓದಿ, ಚೆನ್ನಾಗಿದೆ ಎಂದು ಹೊಗಳಿ, ಅದರಲ್ಲೇ ಕಿಟಕಿ ಒರೆಸಿದರು. ಆಮೇಲೆ ನಕ್ಷೆ ಹೊರಬಿತ್ತು. ಕಟ್ಟಡದ ಮುಖ ಹೆದ್ದಾರಿಗೆ, ಬೆನ್ನು ಓಣಿಗೆ. ಓಣಿಯುದ್ದಕ್ಕೂ ಆಳೆತ್ತರದ ಗೋಡೆ. ಬರುವ ಜನ ಆ ಕಡೆಯಿಂದ ಬಂದು ಆ ಕಡೆಯಿಂದಲೇ ಹೋಗುತ್ತಾರೆ. ಓಣಿಗೆ ಉಳಿಯುವುದು ಅವರ ಗದ್ದಲ ಮಾತ್ರ. ಹೇಗಿದ್ದರೂ ಕಟ್ಟುತ್ತಾರೆ, ನಮ್ಮ ಕಡೆಗೊಂದು ಗೇಟು ಕೇಳೋಣ, ಜನ ಓಡಾಡಿದರೆ ಅಂಗಡಿಗಳು ಉಸಿರಾಡುತ್ತವೆ ಎಂದು ಎಲ್ಲರೂ ಒಪ್ಪಿದರು. ಅಟ್ಟದ ಮೇಲೆ ತನ್ನೊಂದಿಗೆ ತಾನೇ ಜಗಳವಾಡಿ ಸೋತ ಮೇಲೆ ಭಾಷಣನೂ ಒಪ್ಪಿದ. ಸ್ಟೇಡಿಯಂ ಕಟ್ಟಿಸುವ ಕಚೇರಿಯ ಸಾಹೇಬರು ಕರೆದ ಅಹವಾಲು ಸಭೆಗೆ ಅವನನ್ನೇ ಕಳಿಸಿದರು. ಮಾತಾಡುವುದಕ್ಕೆ ಅವನಲ್ಲದೆ ಇನ್ಯಾರು?

ಅಲ್ಲೇ ಎಡವಟ್ಟಾಯಿತು. ಅವನು ಪಳಗಿದ್ದು ಓದು ಬಳಗದಲ್ಲಿ. ಬಳಗದ ಪದ್ಧತಿ ಎಂದರೆ ಮೊದಲು ಚರಿತ್ರೆ, ಆಮೇಲೆ ವಿಶ್ಲೇಷಣೆ, ಕಟ್ಟಕಡೆಗೆ ಬೇಡಿಕೆ. ಬೇಡಿಕೆಯನ್ನು ಮೊದಲೇ ಇಟ್ಟರೆ ಅದು ಭಿಕ್ಷೆಯಾಗುತ್ತದೆ ಎಂದು ಬಳಗದ ಹಿರಿಯರು ಕಲಿಸಿದ್ದರು. ಹಾಗಾಗಿ ಅವನು ಗಿರಣಿಯ ಅಡಿಗಲ್ಲಿನಿಂದ ಶುರುಮಾಡಿದ. ಒಂದೊಂದು ಓಣಿಗೂ ಸಿಗುವ ಹೊತ್ತು ಇಷ್ಟೇ ಇಷ್ಟು. ಗಂಟೆ ಬಾರಿಸಿದಾಗ ಅವನು ಇನ್ನೂ ಗಿರಣಿಗೆ ಚಿಮಣಿ ಕಟ್ಟಿಸುತ್ತಿದ್ದ. ಸದರಿ ಓಣಿಯವರು ಇತಿಹಾಸ ತಿಳಿಸಿದರು ಎಂದು ಗುಮಾಸ್ತ ಬರೆದುಕೊಂಡ.

ಅಕ್ಕನೂ ಸಭೆಗೆ ಬಂದಿದ್ದಳು. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಕೇಳಿದಳು:

“ಅಲ್ಲಪ್ಪ, ಅಷ್ಟೆಲ್ಲ ಮಾತಾಡಿದ್ಯಲ್ಲ, ಗೇಟು ಎಲ್ಲಿ ಹೋಯ್ತು?”

“ಕೊನೇ ಪುಟದಲ್ಲಿತ್ತು ಅಕ್ಕ.”

“ನನ್ನ ಅಂಗಡಿನೂ ಕೊನೇ ಪುಟದಲ್ಲೇ ಇದೆ ಕಣೋ. ನೋಡ್ಕೊಂಡು ತಿರುವು.”

ಗೋಡೆ ಏಳತೊಡಗಿತು. ಅಕ್ಕ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಚೇರಿಯ ಬಾಗಿಲಲ್ಲಿ ಕೂತಳು. ಇವರು ಏಳುವ ಪೈಕಿಯಲ್ಲ ಎಂದು ಖಾತ್ರಿಯಾದ ಮೇಲೆ ಸಾಹೇಬರು ಇನ್ನೊಂದು ಸಲ ಕೇಳುತ್ತೇವೆ ಎಂದರು. ಆದರೆ ಒಂದು ನಿಯಮ: ಅರ್ಧಕ್ಕೆ ನಿಂತ ಅಹವಾಲನ್ನು ಶುರುಮಾಡಿದವರೇ ಮುಗಿಸಬೇಕು. ಓಣಿಗೆ ಓಣಿಯೇ ತಲೆಮೇಲೆ ಕೈಹೊತ್ತು ಕೂತಿತು. ಕ್ಷೌರದಂಗಡಿಯವನಂತೂ, ಬೇಕಾದರೆ ಅವತ್ತು ಬೆಳಿಗ್ಗೆ ಇವನ ಗಡ್ಡ ಹೆರೆಯುವಾಗ ಬಾಯಿಗೂ ಸೋಪು ತುಂಬಿ ಕಳಿಸುತ್ತೇನೆ ಎಂದ.

ಭಾಷಣ ಈ ಸಲ ಬರಿಗೈಯಲ್ಲಿ ಹೋದ. ಅವನನ್ನು ಕಂಡದ್ದೇ ಸಾಹೇಬರು ನೀರಿನ ಹೂಜಿ ತರಿಸಿಟ್ಟುಕೊಂಡು, ಕುರ್ಚಿಗೆ ಒರಗಿ, ಆದದ್ದಾಗಲಿ ಎಂದು ಕಣ್ಣು ಮುಚ್ಚಿದರು. ಅವನು ಎದ್ದು ನಿಂತ.

“ನಮ್ಮ ಓಣಿ ಕಡೆಗೊಂದು ಗೇಟು ಇಡಿ. ಆಟ ಇಲ್ಲದ ದಿನಾನೂ ತೆಗೆದಿಡಿ.”

ಕೂತುಬಿಟ್ಟ. ಸಾಹೇಬರು ಒಂದು ಕಣ್ಣು ತೆರೆದರು.

“ಮುಂದೆ?”

“ಅಷ್ಟೇ ಸಾರ್.”

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಇದರಲ್ಲೇನೋ ಮಸಲತ್ತಿದೆ ಎಂಬಂತೆ ಗುಮಾಸ್ತನ ಮುಖ ನೋಡಿದರು. ಗೇಟು ಯಾಕೆ ಬೇಕು ಎಂದು ಕೇಳಿದರು. ಅದು ಎಂಥ ಪ್ರಶ್ನೆ! ಓದು ಬಳಗದಲ್ಲಿ ಇಷ್ಟು ವರ್ಷ ಅವನು ಕಾದು ಕೂತಿದ್ದೇ ಅಂಥದೊಂದು ಪ್ರಶ್ನೆಗಾಗಿ. ಚರಿತ್ರೆಯೆಲ್ಲ ಗಂಟಲಿಗೆ ನುಗ್ಗಿ ಬಂತು. ಅಡಿಗಲ್ಲು, ಚಿಮಣಿ, ಮುಷ್ಕರ, ಬೀಗ ಎಲ್ಲವೂ ನಾಲಿಗೆಯ ತುದಿಗೆ ಬಂದು ಕ್ಯೂ ನಿಂತವು. ಹಿಂದಿನ ಬೆಂಚಿನಲ್ಲಿ ಅಕ್ಕ ಕಣ್ಣು ಮಿಟುಕಿಸದೆ ಅವನ ಬೆನ್ನನ್ನೇ ನೋಡುತ್ತಿದ್ದಳು. ತಿರುಗದೆಯೂ ಅವನಿಗದು ಗೊತ್ತಾಯಿತು. ಇಡೀ ಗಿರಣಿಯನ್ನು ಉಗುಳಿನ ಜೊತೆ ನುಂಗಿಕೊಂಡ.

“ಜನ ಬರ್ತಾರೆ ಸಾರ್. ಅಂಗಡಿ ಉಳಿಯುತ್ತೆ.”

ಸಾಮಾನು ಸಾಗಿಸಲು ಬಿಟ್ಟ ಸಂದು ಓಣಿ ಕಡೆಯ ಗೋಡೆಯಲ್ಲಿ ಹಾಗೇ ಇದೆ, ಮುಚ್ಚದೆ ಬಿಟ್ಟರಾಯಿತು ಎಂದು ಎಂಜಿನಿಯರ್ ಹೇಳಿದರು. ಸಾಹೇಬರು ಥಟ್ಟನೆ ಸಹಿ ಹಾಕಿದರು. ಸಹಿ ಬಿದ್ದದ್ದು ನ್ಯಾಯಕ್ಕೋ, ತಾನು ಮಾತು ನಿಲ್ಲಿಸಿದ ಖುಷಿಗೋ ಎಂಬ ಗುಮಾನಿ ಭಾಷಣನಿಗೆ ಇವತ್ತಿಗೂ ಇದೆ. ಕೇಳುವ ಧೈರ್ಯವಿಲ್ಲ.

ಸ್ಟೇಡಿಯಂ ಓಣಿಯನ್ನು ಉದ್ಧಾರ ಮಾಡಿತು ಎಂದು ಈಗ ದೊಡ್ಡವರು ಹೇಳಿಕೊಂಡು ತಿರುಗುತ್ತಾರೆ. ಅದು ತಾನಾಗಿ ಯಾರನ್ನೂ ಉದ್ಧಾರ ಮಾಡಲಿಲ್ಲ. ಓಣಿಗೆ ಬೆನ್ನು ಹಾಕಿ ನಿಲ್ಲಲಿದ್ದುದನ್ನು ಹಿಡಿದು ಈ ಕಡೆ ತಿರುಗಿಸಿದ್ದಾಯಿತು, ಅಷ್ಟೇ. ಗೇಟು ತೆಗೆದ ಮೇಲೆ ಬೆಳಿಗ್ಗೆ ಮಂಡಿನೋವಿನವರು ಒಳಗೆ ನಡೆಯಲು ಹೋಗತೊಡಗಿದರು. ಸಂಜೆ ಆಡುವವರು ಬಂದರು, ನೋಡುವವರು ಬಂದರು, ಬೀದಿದೀಪಗಳಿಗೆ ಬಲ್ಬು ಬಂತು. ಕ್ಷೌರದಂಗಡಿಗೆ ಎರಡನೇ ಕುರ್ಚಿ ಬಂತು. ಅಕ್ಕನ ಶಟರ್ ಪೂರ್ತಿ ಮೇಲೆದ್ದಿತು. ಜೆರ್ಸಿಗಳಿಗೆ ನಂಬರ್ ಹೊಲಿಯುತ್ತ, ತಂಡಕ್ಕೊಂದು ಬೈಗುಳ ಕಲಿತಳು.

ಮೊನ್ನೆ ಆಟ ಮುಗಿದದ್ದೇ ತೋರ ದೇಹದವನೊಬ್ಬ ಹಿಂದೆ ಎರಡೂ ಕೈ ಅಡ್ಡ ಹಿಡಿದುಕೊಂಡು ಅಂಗಡಿಗೆ ನುಗ್ಗಿದ. ಕುಣಿಯಲು ಹೋಗಿ ಪ್ಯಾಂಟು ಹರಿದಿತ್ತು. ಅಕ್ಕ ಅವನನ್ನು ಪರದೆಯ ಹಿಂದೆ ನಿಲ್ಲಿಸಿ, ಪ್ಯಾಂಟು ಇಸಿದುಕೊಂಡು, ನಾಚಿಕೆಯಿಂದ ಸಾಯ್ತಿದಾನೆ, ನಾನು ಹೊಲಿಯೋವರೆಗೂ ಏನಾದ್ರೂ ಮಾತಾಡಿಸ್ತಿರು ಎಂದು ತಮ್ಮನಿಗೆ ಮೆಲ್ಲಗೆ ಹೇಳಿದಳು. ಪರದೆಯ ಕೆಳಗೆ ಎರಡು ಬರಿಗಾಲು ಕಾಣುತ್ತಿದ್ದವು. ಭಾಷಣ ಸ್ಟೂಲು ಎಳೆದುಕೊಂಡು ಕೂತ, ಗಂಟಲು ಸರಿಮಾಡಿಕೊಂಡ.

“ಯಾರು ಗೆದ್ರಪ್ಪ?” ಎಂದು ಕೇಳಿದ.

ಆ ಮನುಷ್ಯ ಮೊದಲ ನಿಮಿಷದಿಂದ ಶುರುಮಾಡಿದ. ಪ್ಯಾಂಟು ಸಿದ್ಧವಾದರೂ ಅವನ ಮಾತು ನಿಲ್ಲಲಿಲ್ಲ. ಭಾಷಣ ತುಟಿಪಿಟಿಕ್ಕೆನ್ನದೆ ಕೊನೆತನಕ ಕೇಳಿದ.