ಅಪ್ಪಲ್ಲಮಿರಾಮ್

"ಹೂಂ, ನನ್ನ ಹೆಸ್ರೇ ಹೊಡಿಯಮ್ಮಿ, ನೋಡನ," ಎಂದು ಹಾಲಿನ ಸೊಸೈಟಿಯ ಸೆಕ್ರೆಟರಿ ಮರಿಮಲ್ಲಪ್ಪನವರು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. ಕುಮಾರಿ ವೇಲಿಗೆ ಬೆರಳು ಒರೆಸಿಕೊಂಡಳು. ಹಂಗಳದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರು ಕಲಿತದ್ದಕ್ಕೆಲ್ಲ ಇವತ್ತೇ ತೀರ್ಪು. ಇವರು ಒಪ್ಪಿದರೆ ಸೊಸೈಟಿಯಲ್ಲಿ ಕೆಲಸ. ಇಲ್ಲವಾದರೆ ಭಾನುವಾರ ಉಡಿಗಾಲದ ಗಂಡಿನ ಕಡೆಯವರು ನೋಡಲು ಬರುತ್ತಾರೆ. ಅವ್ವ ಸುಂದ್ರಮ್ಮ ಬೆಳಿಗ್ಗೆ ಬುತ್ತಿ ಕಟ್ಟುವಾಗಲೇ ಖಡಾಖಂಡಿತವಾಗಿ ಹೇಳಿದ್ದಳು.

ಕುಮಾರಿಗೆ ಅಂಥ ಭಯವೇನೂ ಇರಲಿಲ್ಲ. ಸೊಸೈಟಿಯ ಸದಸ್ಯರ ಹೆಸರು ತುಂಬಲೆಂದು ಪ್ರೋಗ್ರಾಮು ಬರೆದವನು ಪಕ್ಕದಲ್ಲೇ ನಿಂತಿದ್ದ, ಈ ಕಂಪ್ಯೂಟರ್ ಸೆಂಟರಿನ ಶಾಂತರಾಜು. ಸಣ್ಣಕ್ಷರ ಒತ್ತಿದರೂ ತಾನಾಗಿಯೇ ದೊಡ್ಡ ಇಂಗ್ಲಿಷ್ ಅಕ್ಷರವಾಗಲಿ ಎಂದು ಅವನು ಮಾಡಿದ್ದ ಏರ್ಪಾಡು, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಅಕ್ಷರ ದೊಡ್ಡದಾಗುತ್ತಿತ್ತು, ಆದರೆ ಪ್ರತಿ ಅಕ್ಷರಕ್ಕೂ ಕರ್ಸರು ಸಾಲಿನ ಮೊದಲಿಗೆ ಓಡಿಹೋಗುತ್ತಿತ್ತು. ಆಮೇಲೆ ಒತ್ತಿದ ಅಕ್ಷರ ಮೊದಲು ಒತ್ತಿದ್ದರ ಎಡಕ್ಕೆ ಬಂದು ಕೂತು, ಹೆಸರೆಲ್ಲ ತಿರುಗುಮುರುಗು. ಅದನ್ನು ತಡೆಯುವ ದಾರಿ ಶಾಂತರಾಜುವಿಗೆ ಗೊತ್ತಿರಲಿಲ್ಲ. "ಸದ್ಯಕ್ಕೆ ಹೆಂಗಾರ ಅಡ್ಜಸ್ಟ್ ಮಾಡ್ಕೊ ಕಣಮ್ಮಿ," ಎಂದಿದ್ದ. ಹುಡುಗಿ ಮಾಡಿಕೊಂಡಳು. ಹೆಸರನ್ನು ಬಾಲದಿಂದ ತಲೆಯ ಕಡೆಗೆ ಹೊಡೆದರೆ ಪರದೆಯ ಮೇಲೆ ನೆಟ್ಟಗೆ ಬರುತ್ತಿತ್ತು. ಬಸ್ಸಿನಲ್ಲಿ ಕೂತು ದಾರಿಯ ಬೋರ್ಡುಗಳನ್ನೆಲ್ಲ ಹಿಂದಿನಿಂದ ಓದಿ ಓದಿ ರೂಢಿ ಮಾಡಿಕೊಂಡಿದ್ದಳು.

ಈಗಲೂ ಕೀಬೋರ್ಡಿನಿಂದ ಕಣ್ಣೆತ್ತದೆ, ಮರಿಮಲ್ಲಪ್ಪ ಎಂಬುದನ್ನು ಕೊನೆಯಿಂದ ಒಂದೇ ಉಸಿರಿಗೆ ಹೊಡೆದು ಮುಗಿಸಿದಳು.

ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡು ಓದಿದರು. "ಅಪ್ಪಲ್ಲಮಿರಾಮ್." ಮತ್ತೊಮ್ಮೆ ಓದಿ ನಕ್ಕರು. "ನಾನು ಅಪ್ಪ ಅಲ್ವಂತೆ ಕಣ್ಲಾ ಶಾಂತರಾಜು."

ಶಾಂತರಾಜು ಗಾಬರಿಯಿಂದ ಬಗ್ಗಿ ಪರದೆ ನೋಡಿದ. "ನೆನ್ನೆ ಸಂಜೆ ಸರಿ ಮಾಡ್ಬುಟ್ಟೆ ಕಣಮ್ಮಿ. ಮೈಸೂರಿಂದ ಪುಸ್ತಕ ತರ್ಸಿದ್ದೆ, ಒಂದೇ ಒಂದ್ ಲೈನು ಸೇರ್ಸುದ್ರೆ ಸಾಕಾಗಿತ್ತು. ನೀನೇ ನೋಡಿ ಖುಷಿ ಪಡ್ತೀಯ ಅಂತ ಹೇಳ್ನಿಲ್ಲ. ಕರ್ಸರು ಈಗ ಎಲ್ಲೂ ಓಗಲ್ಲ, ನೆಟ್ಟಗೆ ಹೊಡಿ."

ಅವಳು ಅಳಿಸಿ ಮತ್ತೆ ಶುರು ಮಾಡಿದಳು. ತಲೆಗೆ ಅರ್ಥವಾಗಿತ್ತು, ಬೆರಳಿಗೆ ಆಗಿರಲಿಲ್ಲ. ಎರಡಕ್ಷರ ನೆಟ್ಟಗೆ ಬಿದ್ದು ಮೂರನೆಯದು ಎಲ್ಲೋ ಹೋಯಿತು. ಮತ್ತೆ ಅಳಿಸಿದಳು.

"ಓಗ್ಲಿ, ನಿನ್ನ ಹೆಸ್ರೇ ಹೊಡಿ," ಎಂದರು ಸೆಕ್ರೆಟರಿ, ಮಗುವನ್ನು ರಮಿಸುವ ಹಾಗೆ.

ಆ ಹೆಸರನ್ನೇ ಅವಳು ಎಲ್ಲಕ್ಕಿಂತ ಹೆಚ್ಚು ಸಲ ಹೊಡೆದು ಕಲಿತಿದ್ದಳು. ಕೈ ತಡೆಯಬೇಕೆನ್ನುವಷ್ಟರಲ್ಲಿ ಪರದೆಯ ಮೇಲೆ ‘ಇರಮುಕ್’ ಎಂದು ಬಿದ್ದಾಗಿತ್ತು. ತನ್ನ ಕೈ ತನ್ನದೇ ಅಲ್ಲವೆನ್ನಿಸಿ ಕುಮಾರಿಗೆ ದಿಕ್ಕು ತೋಚಲಿಲ್ಲ.

"ಬ್ಯಾಸ್ರ ಮಾಡ್ಕೊಬ್ಯಾಡ ಕಣವ್ವ," ಎಂದು ಮರಿಮಲ್ಲಪ್ಪನವರು ಎದ್ದರು. "ಸೋಮವಾರ ಕೆಲ್ಸ ಶುರುವಾಗ್ಬೇಕು. ಬ್ಯಾರೆ ಯಾರ್ನಾರ ನೋಡ್ಲಾ ಶಾಂತರಾಜು."

ಅವರು ಬಾಗಿಲು ದಾಟಿದ ಮೇಲೆ ಶಾಂತರಾಜು ತಲೆ ತಗ್ಗಿಸಿಯೇ ಕೇಳಿದ: "ಆ ಲೈನ್ ತೆಗ್ದಾಕ್ಬುಡ್ಲಾ?"

"ಈಗ್ಯಾಕಣ್ಣ," ಎಂದಳು ಕುಮಾರಿ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಂದಾಗಲಿಲ್ಲ.

ಹಂಗಳದ ಮನೆಯ ಜಗಲಿಯ ಮೇಲೆ ಸುಂದ್ರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳ ಮುಖ ನೋಡಿದ ಕೂಡಲೇ ಮೊರವನ್ನು ಬದಿಗೆ ಸರಿಸಿದಳು. ಪಕ್ಕದಲ್ಲಿ ಕೂತುಕೊಳ್ಳಲು ಜಾಗ ಬಿಟ್ಟಳು.

"ಭಾನ್ವಾರ ಬರ್ಲಿ ಅಂತ ಹೇಳಿ ಕಳಿಸ್ಲಾ?"

ಕುಮಾರಿ ಮೊರಕ್ಕೆ ಕೈ ಹಾಕಿ ಒಂದು ಕಲ್ಲು ಆರಿಸಿದಳು. ಅವ್ವ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಮಗಳ ಬೆರಳುಗಳು ಬರಿಯ ಜಗಲಿಯ ಮೇಲೆ ಮೆಲ್ಲಗೆ ಬಡಿಯುತ್ತಲೇ ಇದ್ದವು: ಐ, ಆರ್, ಎ, ಎಂ...