ಏಳು ಹಸಿರು ಬಳೆ

ಹನ್ನೊಂದು ವರ್ಷ ನಾನು ಪಿಂಗಾಣಿ ಕಪ್ಪುಗಳ ಮಾತು ಕೇಳಿದೆ. ವಿಮಾನ ನಗರದ ಆಚೆಗಿನ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಭಟ್ಟಿಯಿಂದ ಬಂದ ಕಪ್ಪನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವುದು. ಗಟ್ಟಿ ಇದ್ದರೆ ‘ಟಿಣ್’ ಅನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ನೆಗಡಿ ಹಿಡಿದವರ ಹಾಗೆ ಮಾತಾಡುತ್ತದೆ. ಊರ ಸಂತೆಯಲ್ಲಿ ನಮ್ಮವ್ವ ಗಡಿಗೆ ಕೊಳ್ಳುವಾಗ ಹೀಗೇ ತಟ್ಟಿ ನೋಡುತ್ತಿದ್ದಳು. ಅವಳಿಗೆ ಯಾರೂ ಪಗಾರ ಕೊಡಲಿಲ್ಲ, ನನಗೆ ಕೊಟ್ಟರು.

ತಲೆಯ ಮೇಲೆ ವಿಮಾನ ಹಾದಾಗ ಕೈ ನಿಲ್ಲಿಸಬೇಕಿತ್ತು. ಆಗ ಅಷ್ಟೂ ಕಪ್ಪುಗಳು ಒಟ್ಟಿಗೆ ಸಣ್ಣಗೆ ಗುಂಯ್ಗುಡುತ್ತಿದ್ದವು. ಕಣ್ಣು ಮುಚ್ಚಿದರೆ ನಾನೂ ನೆಲ ಬಿಟ್ಟು ಒಂದು ಗೇಣು ಮೇಲೆ ಹೋದಂತಾಗುತ್ತಿತ್ತು. ಗಂಡ ಗುರಣ್ಣನಿಗೆ ಹೇಳಿದರೆ, “ಭಾಳ ಚಲೋ ಆತು, ಟಿಕೀಟಿಲ್ದ ವಿಮಾನ ಹತ್ತಿದಿ,” ಎಂದು ನಕ್ಕ. ಗುರಣ್ಣ ಗಾರೆ ಕೆಲಸಕ್ಕೆ ಹೋದಲ್ಲಿ ಅಟ್ಟಣಿಗೆಯಿಂದ ಬಿದ್ದು ಸೊಂಟ ಕಳೆದುಕೊಂಡಿದ್ದ. ಮನೆ ನಡೆಯುತ್ತಿದ್ದುದು ನನ್ನ ಕಿವಿಯ ಮೇಲೆ.

ಹೋದ ವರ್ಷ ಪುನೀತ ಬಂದ. ಮೈಸೂರು ಕಡೆಯ ಇಂಜಿನಿಯರ್. ಕನ್ನಡ ಬಾರದವರ ಆ ಊರಿನ ಕಾರ್ಖಾನೆಯೊಳಗೆ ಕನ್ನಡ ಕೇಳಿ ನನಗೆ ಜೀವ ಬಂದಂತಾಯಿತು. ಎಲ್ಲರಿಗಿಂತ ಒಳ್ಳೆಯ ಕಿವಿ ನನ್ನದೆಂದು ನನ್ನ ಮುಂದೆ ಮೈಕು ಇಟ್ಟ.

“ಆಂಟಿ, ನೀವು ಸುಮ್ನೆ ನಿಮ್ ಕೆಲ್ಸ ಮಾಡ್ತಿರಿ. ಮಿಷಿನ್ನು ಕೇಳಿಸ್ಕೊಂಡು ಕಲಿಯುತ್ತೆ.”

“ಕಲೀಲಿ ಬಿಡ್ರಿ,” ಅಂದೆ. ಕಲಿಸುವವಳನ್ನು ಯಾರು ಕಳಿಸುತ್ತಾರೆ ಎಂಬ ಧಿಮಾಕು. ಎರಡು ತಿಂಗಳು ಕಲಿಸಿದೆ. ಅದು ಕಲಿತ ವಾರ, ತಟ್ಟುವ ಒಂಬತ್ತೂ ಜನ ಹೆಂಗಸರನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಕಂಡದ್ದನ್ನೆಲ್ಲ ತಟ್ಟತೊಡಗಿದೆ. ತಂಬಿಗೆ, ಬಾಗಿಲು, ಗುರಣ್ಣನ ಬೋಳು ತಲೆ. ಮಧ್ಯಾಹ್ನ ಮಲಗಿದರೆ ಕಪ್ಪುಗಳು ಸಾಲಾಗಿ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದವು. ನಾನು ಕೈ ಚಾಚುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಮೂರು ವಾರದ ಮೇಲೆ ಪುನೀತನ ಫೋನು. “ಆಂಟಿ, ಅರ್ಜೆಂಟಾಗಿ ಬನ್ನಿ. ಇವತ್ತು ಮಿಷಿನ್ ಶುರು ಮಾಡಿದ್ರೆ ಎಲ್ಲಾ ಕಪ್ಪೂ ರಿಜೆಕ್ಟ್ ಮಾಡ್ತಿದೆ.”

ಇಳಕಲ್ ಸೀರೆ ಉಟ್ಟು ಹೊರಟೆ. ಬಸ್ಸಿನಲ್ಲಿ ನನ್ನ ಕಾಲು ನೆಲಕ್ಕೆ ತಾಕಲೇ ಇಲ್ಲ. ನನ್ನ ಜಾಗ ನನಗೆ ವಾಪಸು ಬಂತೆಂದೇ ಅಂದುಕೊಂಡಿದ್ದೆ.

ನಾನು ಕೂರುತ್ತಿದ್ದಲ್ಲಿ ಒಂದು ಕಬ್ಬಿಣದ ತೋಳು, ತುದಿಗೆ ರಬ್ಬರಿನ ಬೆರಳು. ತಟ್ಟಿತು. ಟಿಣ್. ಕೆಂಪು ದೀಪ. ಕಪ್ ಕೆಳಗೆ ಬಿದ್ದು ಪುಡಿಯಾಯಿತು.

“ಅಯ್ಯ, ಅದು ಗಟ್ಟಿ ಅದ ರೀ!” ಎಂದು ಚೀರಿದೆ.

ಮುಂದಿನದನ್ನು ನಾನೇ ತಟ್ಟಿದೆ. ಹಸಿರು ದೀಪ. ಮತ್ತೆ ತಟ್ಟಿದೆ, ಮತ್ತೆ ಹಸಿರು. ಪುನೀತ ನನ್ನ ಕೈಯನ್ನೇ ನೋಡುತ್ತಿದ್ದವನು ಹಣೆ ಚಚ್ಚಿಕೊಂಡ. “ಬಳೆ! ಬಳೆ ಸದ್ದಿಲ್ಲದ ಕಪ್ಪನ್ನ ಅದು ಒಂದು ದಿನಾನೂ ಕೇಳೇ ಇಲ್ಲ, ಆಂಟಿ.”

ಬಲಗೈಯಲ್ಲಿ ಏಳು ಹಸಿರು ಗಾಜಿನ ಬಳೆ. ಪ್ರತಿ ಟಿಣ್ ಜೊತೆ ಅವೂ ಝಲ್ ಅಂದಿದ್ದವು.

“ಹಂಗಾದ್ರ ನಾ ಬೇಕಲ್ರಿ,” ಅಂದೆ. ನಗು ತಡೆಯಲಾಗಲಿಲ್ಲ.

ಅವನು ನಗಲಿಲ್ಲ. ಪೇಟೆಯ ಅಂಗಡಿಯಿಂದ ಬಳೆ ತರಿಸಿ ಕಬ್ಬಿಣದ ತೋಳಿಗೆ ತೊಡಿಸಿದ. ದೀಪ ಕೆಂಪಾಗಿಯೇ ಇತ್ತು. ಗಟ್ಟಿ ಕಪ್ಪುಗಳು ಒಂದೊಂದಾಗಿ ಪುಡಿಯಾಗುತ್ತಿದ್ದವು, ಒಂದೊಂದೂ ನನ್ನ ಎದೆಗೇ ಬಿದ್ದಂತೆ. “ನಿಮ್ಮ ಬಳೇನೇ ಬೇಕಾಗುತ್ತೆ, ಆಂಟಿ. ಇಲ್ಲಾಂದ್ರೆ ಮತ್ತೆ ಎರಡು ತಿಂಗಳು ನಿಮ್ಮನ್ನೇ ಕೂರಿಸಿ ಕಲಿಸ್ಬೇಕು,” ಎಂದು ತಲೆ ತಗ್ಗಿಸಿದ. ಪಾಪ, ಸುಳ್ಳು ಹೇಳಲು ಬಾರದವನು.

ಇಲ್ಲ ಅಂದಿದ್ದರೆ ಎರಡು ತಿಂಗಳ ಕೆಲಸ ಸಿಗುತ್ತಿತ್ತು. ಆದರೆ ನಮ್ಮಲ್ಲಿ ಬಳೆ ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಬಳೆ ತೊಡಿಸಿದರೆ ಅವರು ನಮ್ಮವರಾದರು. ತೊಡಿಸಿದವಳನ್ನು ಬರಿಗೈಲಿ ಕಳಿಸುವುದಿಲ್ಲ. ಇವರೂ ಹಾಗೆ ಕಳಿಸಲಾರರೆಂದು ನಾನು ನಂಬಿದೆ. ಸೋಪು ಹಚ್ಚಿ ಆರು ಬಳೆ ಬಿಚ್ಚಿದೆ. ಮುತ್ತೈದೆಯ ಕೈ ಬರಿದಾಗಬಾರದೆಂದು ಒಂದು ಉಳಿಸಿಕೊಂಡೆ. ತಂಗಿಯ ಕೈಗೆ ತೊಡಿಸುವ ಹಾಗೆ ಮೆಲ್ಲಗೆ ಆ ತೋಳಿಗೆ ಏರಿಸಿದೆ.

ಟಿಣ್. ಝಲ್. ಹಸಿರು ದೀಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಪುನೀತ ಒಂದು ಹೊಸ ಕಪ್ ನನ್ನ ಕೈಗಿಟ್ಟು, ಗೇಟಿನವರೆಗೂ ಬಂದು ಕಳಿಸಿಕೊಟ್ಟ. ಮೇಲೆ ವಿಮಾನ ಹಾದುಹೋಯಿತು. ಒಳಗೆ ಝಲ್ ಝಲ್ ಸದ್ದು ನಡೆದೇ ಇತ್ತು.

ಮನೆಯಲ್ಲಿ ಗುರಣ್ಣ, “ಏನಂದ್ರು?” ಅಂದ. ಕಪ್ಪನ್ನು ಹಿಡಿದು ತಟ್ಟಿದೆ. ಟಿಣ್. ಅಷ್ಟೇ. ಉಳಿದ ಒಂದು ಬಳೆಗೆ ತಾಕಲು ಇನ್ನೊಂದಿರಲಿಲ್ಲ. ಆ ಯಂತ್ರ ಈಗ ನನ್ನ ಕೈಯ ಸದ್ದು ಕೇಳಿದರೂ ಕೆಂಪು ದೀಪವನ್ನೇ ಹಚ್ಚುತ್ತದೆ.